ಭಾರಕ್ಕೆ ನಿಲ್ಲುವುದು

ಕಾಲೇಜಿನಲ್ಲಿ ಹುಡುಗರು ನನಗೆ 'ಫ್ರಿಕ್ಷನ್ ಮೇಡಂ' ಎಂದು ಹೆಸರಿಟ್ಟಿದ್ದಾರೆ. ಘರ್ಷಣೆಯ ಪಾಠವನ್ನು ನಾನು ಚೆನ್ನಾಗಿ ಮಾಡುತ್ತೇನೆ ಎಂಬುದು ಒಂದು ಕಾರಣ. ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನವರವರೆಗೆ ನಾನು ಜಗಳವಾಡದವರೇ ಉಳಿದಿಲ್ಲ ಎಂಬುದು ಇನ್ನೊಂದು. ಎರಡೂ ನಿಜ, ಅಲ್ಲ ಎನ್ನುವುದಿಲ್ಲ. ಗೊತ್ತಿದ್ದದ್ದನ್ನು ಗೊತ್ತಿದೆ ಎಂದು ಹೇಳಲು ನಾನು ಯಾವತ್ತೂ ನಾಚಿಕೊಂಡವಳಲ್ಲ. ಈಗ ಹೇಳಹೊರಟಿರುವುದು ಆ ಸೊಕ್ಕಿನ ಕಥೆಯೇ.

ಹಿಮಾಯತ್‌ನಗರದ ಒಂದು ಇಂಟರ್‌ಮೀಡಿಯಟ್ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಘರ್ಷಣೆಯ ಪಾಠ ಶುರುವಾಗುವುದೇ ಮಕ್ಕಳ ತಲೆಯೊಳಗಿನ ಕಸ ಗುಡಿಸುವುದರಿಂದ. ಇಟ್ಟಿಗೆಯನ್ನು ಮಲಗಿಸಿದರೆ ನೆಲವನ್ನು ಹೆಚ್ಚು ಹಿಡಿಯುತ್ತದೆ, ಅಂಚಿನ ಮೇಲೆ ನಿಲ್ಲಿಸಿದರೆ ಕಡಿಮೆ ಎನ್ನುತ್ತಾರೆ. ಮೇಜಿನ ಮೇಲೆ ಎಳೆದು ತೋರಿಸುತ್ತೇನೆ, ಸ್ಪ್ರಿಂಗ್ ತಕ್ಕಡಿಯ ಮುಳ್ಳು ಎರಡು ಸಲವೂ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಘರ್ಷಣ ಗುಣಾಂಕ ಒಂದನ್ನು ದಾಟುವುದೇ ಇಲ್ಲ ಎನ್ನುತ್ತಾರೆ. ಯಾರಪ್ಪಾ ಹೇಳಿದ್ದು? ಒಳ್ಳೆಯ ರಬ್ಬರು ಒಣ ಕಾಂಕ್ರೀಟಿನ ಮೇಲೆ ಧಾರಾಳವಾಗಿ ದಾಟಬಲ್ಲದು. "ಮೇಡಂ, ಗಾಜಿನ ಗುಣಾಂಕ ಎಷ್ಟು?" ಎಂದು ಯಾರಾದರೂ ಕೇಳಿದರಂತೂ ಮೈಯೆಲ್ಲ ಉರಿಯುತ್ತದೆ. ಗಾಜಿಗೆ ಒಂಟಿಯಾಗಿ ಗುಣಾಂಕವೆಂಬುದೇ ಇಲ್ಲ. ಯಾವುದರ ಜೊತೆ ಎಂದು ಕೇಳಬೇಕು, ನಡುವೆ ಧೂಳಿದೆಯೋ ನೀರಿದೆಯೋ ಎಂದು ಕೇಳಬೇಕು. ಅದು ಎರಡು ಮೇಲ್ಮೈಗಳ ನಡುವಿನ ಸಂಬಂಧದ ಸಂಖ್ಯೆ, ಒಂದರ ಗುಣವಲ್ಲ.

ಇಷ್ಟಾದ ಮೇಲೆ ನಿಚ್ಚಣಿಕೆಯ ಲೆಕ್ಕ. ನುಣುಪಾದ ಗೋಡೆಗೆ ಒರಗಿಸಿದ ನಿಚ್ಚಣಿಕೆ ಜಾರದೆ ನಿಲ್ಲಬೇಕಾದರೆ ನೆಲದ ಗುಣಾಂಕ ಎಷ್ಟಿರಬೇಕು? ಸಮೀಕರಣ ಬರೆಯುತ್ತ ಹೋದರೆ ನಿಚ್ಚಣಿಕೆಯ ತೂಕ ಎರಡೂ ಕಡೆ ಬರುತ್ತದೆ. "ಹೊಡೆದುಹಾಕಿ!" ಎನ್ನುತ್ತೇನೆ ನಾನು. ಇಡೀ ತರಗತಿ ಒಟ್ಟಿಗೆ ತೂಕವನ್ನು ಎರಡೂ ಕಡೆ ಗೀಚಿ ಹಾಕುತ್ತದೆ. ಉಳಿಯುವುದು ಒರಗಿಸಿದ ಕೋನ ಮಾತ್ರ. ಕಬ್ಬಿಣದ್ದಾಗಲಿ ಬಿದಿರಿನದಾಗಲಿ, ಉತ್ತರ ಅದೇ. ಜಾರುವುದಕ್ಕೂ ತೂಕಕ್ಕೂ ಸಂಬಂಧವಿಲ್ಲ ಎಂದು ಹೇಳಿ ಚಾಕ್‌ಪೀಸು ಕೆಳಗಿಡುವಾಗ ನನಗೆ ಪ್ರತಿವರ್ಷವೂ ಒಂದು ಖುಷಿಯಾಗುತ್ತಿತ್ತು.

ಹೋದ ವರ್ಷ ಬೇಸಿಗೆ ರಜೆಯಲ್ಲಿ ಮನೆಗೆ ಬಣ್ಣ ಹೊಡೆಸಿದೆ. ಕಾಲೇಜಿಗೆ ಹತ್ತಿರದಲ್ಲೇ ಇರುವ ಹಳೆಯ ಮನೆ, ಎತ್ತರದ ಚಾವಣಿ. ಹಾಲ್‌ಗೆ ಆಗಷ್ಟೇ ಹೊಸ ಟೈಲ್ಸ್ ಹಾಕಿಸಿದ್ದೆ, ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಗಂಡ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದುದರಿಂದ ಉಸ್ತುವಾರಿ ನನ್ನದೇ. ಬಣ್ಣ ಹೊಡೆಯಲು ಬಂದದ್ದು ಲಿಂಗಸುಗೂರು ಕಡೆಯ ಗಂಡ ಹೆಂಡತಿ. ಮೆಹದಿಪಟ್ಟಣಂ ಬಸ್‌ಸ್ಟಾಪಿನಲ್ಲಿ ಅವರ ಮಾತು ಕಿವಿಗೆ ಬಿದ್ದು ನಾನೇ ಮಾತಾಡಿಸಿದ್ದೆ. ನಮ್ಮಪ್ಪ ಬಾಗಲಕೋಟೆ ಕಡೆಯಿಂದ ಇಲ್ಲಿನ ರಕ್ಷಣಾ ಕಾರ್ಖಾನೆಗೆ ಬಂದವರು. ಮನೆಯ ಹೊರಗೆ ತೆಲುಗು, ಹಿಂದಿ ಮಾತಾಡಿ ಮಾತಾಡಿ, ಬೀದಿಯಲ್ಲಿ ಯಾರಾದರೂ 'ಐತಿ' ಎಂದರೆ ನನಗೆ ತಿರುಗಿ ನೋಡದೆ ಇರಲಾಗುವುದಿಲ್ಲ. ನಾನು ಕಲಿಸುವವಳು ಎಂದು ತಿಳಿದದ್ದೇ ತಡ, ಆ ದಿನದಿಂದ ಇಬ್ಬರಿಗೂ ನಾನು 'ಅಕ್ಕೋರು'. ಅವರ ಊರಲ್ಲಿ ಶಾಲೆಯ ಟೀಚರಮ್ಮನಿಗೆ ಹಾಗೆನ್ನುತ್ತಾರೆ.

ಅವರು ಕೆಲಸ ಮಾಡುವ ರೀತಿ ನನಗೆ ಮೊದಲ ದಿನದಿಂದಲೇ ಹಿಡಿಸಲಿಲ್ಲ. ಉದ್ದನೆಯ ಬಿದಿರಿನ ನಿಚ್ಚಣಿಕೆ, ಕಾಲಿಗೆ ಸೈಕಲ್ ಟೈರಿನ ತುಂಡು ಬಡಿದದ್ದು. ಗಂಡ ಮೇಲೆ ಹತ್ತಿ ಪುಟ್ಟಿ ತಿಕ್ಕುತ್ತಿದ್ದ. ಹೆಂಡತಿ ಕೆಳಗಿನ ಮೊದಲ ಮೆಟ್ಟಿಲ ಮೇಲೆ ಎರಡೂ ಕಾಲಿಟ್ಟು, ನಿಚ್ಚಣಿಕೆಯನ್ನು ತಬ್ಬಿಕೊಂಡು ಸುಮ್ಮನೆ ನಿಂತಿರುತ್ತಿದ್ದಳು. ತಾಸುಗಟ್ಟಲೆ. ಮೇಲಿನಿಂದ ಬಿಳಿ ಹುಡಿ ಅವಳ ತಲೆಯ ಮೇಲೆ ಸುರಿಯುತ್ತಿತ್ತು.

"ಇದೇನಪ್ಪಾ, ಹೆಣ್ತೀನ್ನ ಗೂಟ ಬಡದಂಗ ನಿಲ್ಲಿಸಿದಿ?" ಎಂದೆ.

"ಭಾರಕ್ಕ ನಿಂತಾಳ್ರಿ ಅಕ್ಕೋರ," ಎಂದ. "ನೆಲ ಭಾಳ ನುಣುಪೈತ್ರಿ. ಯಾರರ ಭಾರಕ್ಕ ನಿಲ್ಲಲಿಲ್ಲಂದ್ರ ನಿಚ್ಚಣಿಕಿ ಕಾಲು ಜಾರತೈತಿ."

ಭಾರಕ್ಕೆ ನಿಲ್ಲುವುದು! ಅವರ ಕಸುಬಿನಲ್ಲಿ ಅದು ಒಂದು ಕೆಲಸ, ಅದಕ್ಕೊಂದು ಹೆಸರು. ನನಗೆ ಅದು ಪ್ರತಿವರ್ಷ ಗುಡಿಸಿ ಹಾಕುವ ಕಸದಂತೆ ಕಂಡಿತು. ಅವನನ್ನು ಕೆಳಗಿಳಿಸಿ, ಪುಟ್ಟಿ ಹಚ್ಚಿದ ಗೋಡೆಯ ಮೇಲೆಯೇ ಪೆನ್ಸಿಲ್‌ನಿಂದ ನಿಚ್ಚಣಿಕೆಯ ಚಿತ್ರ ಬರೆದೆ. ಬಾಣಗಳನ್ನು ಬರೆದೆ. ಸಮೀಕರಣ ಬರೆದು, ತೂಕ ಎರಡೂ ಕಡೆ ಬಂದಾಗ ದಪ್ಪಗೆ ಗೀಚಿ ಹೊಡೆದುಹಾಕಿದೆ. ನೋಡು, ತೂಕ ಹೋಯ್ತು, ಇನ್ನು ಭಾರಕ್ಕೆ ನಿಂತರೆಷ್ಟು ಬಿಟ್ಟರೆಷ್ಟು ಎಂದೆ. ಅವನು ಕೈ ಕಟ್ಟಿಕೊಂಡು ಪೂರ್ತಿ ಕೇಳಿದ. "ಓದಿದವ್ರು ನೀವು, ಇರಬೌದ್ರಿ," ಎಂದು ನಕ್ಕ. ಮತ್ತೆ ಹತ್ತಿದ. ಹೆಂಡತಿ ಮತ್ತೆ ಮೊದಲ ಮೆಟ್ಟಿಲ ಮೇಲೆ ನಿಂತಳು. ನನಗೆ ಕಪಾಳಕ್ಕೆ ಹೊಡೆದಂತಾಯಿತು.

ಮರುದಿನ ಬೆಳಿಗ್ಗೆ ಅವನು ಗೋಡೆಯ ಕಡೆ ಮುಖ ಮಾಡಿ ಮೇಲಿದ್ದ. ಸೊಂಟಕ್ಕೆ ಸಿಕ್ಕಿಸಿದ ಫೋನಿನಲ್ಲಿ ಹಾಡು ಜೋರಾಗಿ ಬರುತ್ತಿತ್ತು. ಅಡುಗೆಮನೆಯ ಕಿಟಕಿಗಳ ಹಳೆ ಬಣ್ಣ ಕೆರೆಯುವ ಕೆಲಸ ಹಾಗೇ ಬಿದ್ದಿತ್ತು. ಹೆಂಡತಿಗೆ ಬಾ ಎಂದು ಕೈಸನ್ನೆ ಮಾಡಿದೆ. ಅವಳು ತಲೆ ಅಲ್ಲಾಡಿಸಿ ಮೇಲೆ ತೋರಿಸಿದಳು. ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಏನೂ ಆಗಂಗಿಲ್ಲ ಬಾರವಾ. ನಾ ಹೇಳಾಕತ್ತೀನಿ ಅಲ್ಲ? ನಾ ಅದೀನಿ." ನನ್ನ ಮನಸ್ಸಿನಲ್ಲಿ ಕರುಣೆಯೂ ಇತ್ತು, ಸುಳ್ಳು ಹೇಳುವುದಿಲ್ಲ. ಇಡೀ ದಿನ ಒಂದು ಹೆಂಗಸು ಗಂಡನ ಕಾಲ ಕೆಳಗೆ ಧೂಳು ತಿನ್ನುತ್ತ ನಿಲ್ಲುವುದನ್ನು ನೋಡಲಾಗುತ್ತಿರಲಿಲ್ಲ. ಆದರೆ ಕರುಣೆಗಿಂತ ಹೆಚ್ಚಾಗಿ ಗೆಲ್ಲುವ ಹಟ ಇತ್ತು. ಅವಳು ಮೇಲೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಇಳಿದಳು.

ನಿಚ್ಚಣಿಕೆ ಅಲುಗಲಿಲ್ಲ. "ನೋಡಿದೇನು?" ಎಂದೆ ಅವಳಿಗೆ. ಅದು ನನ್ನ ಎರಡನೇ ತಪ್ಪು. ನಿಂತಿರುವ ವಸ್ತುವಿನ ಘರ್ಷಣೆ ಯಾವಾಗಲೂ ಪೂರ್ತಿ ಬಲ ಹಾಕುವುದಿಲ್ಲ, ಎಷ್ಟು ಬೇಕೋ ಅಷ್ಟನ್ನೇ ಕೊಡುತ್ತದೆ, ಮಿತಿ ಮುಟ್ಟುವವರೆಗೂ ಸದ್ದಿಲ್ಲದೆ ಕೊಡುತ್ತಲೇ ಇರುತ್ತದೆ. ಈಗ ನಿಂತಿದೆ ಎಂದರೆ ಮುಂದಿನ ಮೆಟ್ಟಿಲಿಗೂ ನಿಲ್ಲುತ್ತದೆ ಎಂದಲ್ಲ. ಇದನ್ನೂ ನಾನೇ ಕಲಿಸುತ್ತೇನೆ, ಪಾಠದ ಮೊದಲ ವಾರದಲ್ಲೇ.

ಅಡುಗೆಮನೆಯಲ್ಲಿ ಅವಳ ಕೈಗೆ ಕೆರೆಯುವ ಪಟ್ಟಿ ಕೊಟ್ಟು ಚಹಾಕ್ಕೆ ನೀರಿಟ್ಟೆ. ನೀರು ಕುದಿಯುವ ಮೊದಲೇ ಹಾಲ್‌ನಿಂದ ಟೈಲ್ಸ್ ಮೇಲೆ ರಬ್ಬರು ಉಜ್ಜಿದ ಕಿರ್ರೆಂಬ ಸದ್ದು. ಆಮೇಲೆ "ಯವ್ವಾ" ಎಂಬ ಕೂಗು. ಓಡಿ ಬಂದು ನೋಡಿದರೆ ನಿಚ್ಚಣಿಕೆ ನೆಲಕ್ಕೆ ಬಿದ್ದಿತ್ತು. ಅವನು ಗೋಡೆಯ ಬುಡದಲ್ಲಿ ಎರಡೂ ಕೈಯಿಂದ ಬಲಗಾಲನ್ನು ಹಿಡಿದು ಕೂತಿದ್ದ. ಮುಖ ಪುಟ್ಟಿಗಿಂತ ಬೆಳ್ಳಗಾಗಿತ್ತು. ಚಾವಣಿಯ ಅಂಚು ಮುಟ್ಟಲು ಒಂದೇ ಒಂದು ಮೆಟ್ಟಿಲು ಮೇಲೆ ಹೋಗಿದ್ದನಂತೆ. ಫೋನಿನಲ್ಲಿ ಹಾಡು ಇನ್ನೂ ಬರುತ್ತಿತ್ತು, ಅದನ್ನು ಯಾರು ಆರಿಸಿದರೋ ನೆನಪಿಲ್ಲ.

ಹಿಮ್ಮಡಿಯ ಎಲುಬು ಪುಡಿಯಾಗಿತ್ತು. ದವಾಖಾನೆಯಲ್ಲಿ ಡಾಕ್ಟರು ತೆಲುಗಿನಲ್ಲಿ, ಮೂರು ತಿಂಗಳು ಕಾಲಿನ ಮೇಲೆ 'ಬರುವು' ಹಾಕಬಾರದು ಎಂದರು. ಬರುವು ಎಂದರೆ ಭಾರ. ಇನ್ನು ನಿಚ್ಚಣಿಕೆ ಹತ್ತುವುದನ್ನು ಮರೆಯಬೇಕು ಎಂದೂ ಹೇಳಿದರು. ಹೊರಗೆ ಸ್ಟ್ರೆಚರಿನ ಮೇಲೆ ಮಲಗಿ ಅವನು ಬಿಕ್ಕಿ ಬಿಕ್ಕಿ ಅತ್ತ. ಇಪ್ಪತ್ತು ವರ್ಷದಿಂದ ಹತ್ತಿ ಇಳಿದು ಬದುಕಿದವನು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಯಾಕ ಇಳದಿ? ಭಾರ ಬಿಟ್ಟು ಯಾಕ ಇಳದಿ?" ಎಂದು ಹಲ್ಲು ಕಡಿದ. ನನಗೂ ಹೇಳಿದ: "ಅಕ್ಕೋರ, ಇಕಿ ಇಳದ್ಲ್ರಿ. ಹೇಳದ ಕೇಳದ ಇಳದು ಹೋದ್ಲು."

ಅವನಿಗೆ ಗೊತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿದ್ದ, ಹಾಡು ಜೋರಾಗಿತ್ತು. ಹೆಂಡತಿ ತಲೆ ತಗ್ಗಿಸಿ ನಿಂತಿದ್ದಳು. ನಾನೇ ಇಳಿಸಿದೆ ಎಂಬ ಎರಡು ಮಾತು ಹೇಳಬೇಕಿತ್ತು. ಬಾಯಿ ತೆರೆದೆ, "ಎಕ್ಸ್‌ರೇ ಎಲ್ಲಿ ಇಟ್ಟಿ?" ಎಂದು ಕೇಳಿದೆ. ಪ್ರಿನ್ಸಿಪಾಲರ ಮುಂದೆ ಮೇಜು ಗುದ್ದಿ ಮಾತಾಡುವವಳು ನಾನು. ಥೂ ನನ್ನ ಜನ್ಮಕ್ಕೆ.

ಆ ಮಧ್ಯಾಹ್ನ ಮನೆಗೆ ಬಂದು ಗೋಡೆಯ ಮುಂದೆ ನಿಂತೆ. ನನ್ನ ಲೆಕ್ಕ ಅಲ್ಲೇ ಇತ್ತು, ದಪ್ಪಗೆ ಹೊಡೆದುಹಾಕಿದ ತೂಕದ ಸಮೇತ. ಅದು ಬರಿಯ ನಿಚ್ಚಣಿಕೆಯ ಲೆಕ್ಕ. ಅದರ ಮೇಲೆ ಮನುಷ್ಯನೇ ಇರಲಿಲ್ಲ! ಪೆನ್ಸಿಲ್ ತಗೊಂಡು ಮೊದಲು ಅವನನ್ನು ಸೇರಿಸಿದೆ. ಅವನು ಮೇಲೆ ಹೋದಷ್ಟೂ ಬುಡವನ್ನು ಹೊರಗೆ ತಳ್ಳುವ ಬಲ ಹೆಚ್ಚುತ್ತಿತ್ತು. ಆಮೇಲೆ ಅವಳನ್ನು ಸೇರಿಸಿದೆ. ಬುಡದಲ್ಲೇ ನಿಂತಿರುವುದರಿಂದ ಅವಳ ಭಾರ ಹೊರಗೆ ತಳ್ಳುವ ಕಡೆ ಹೆಚ್ಚುಕಡಿಮೆ ಬರುವುದೇ ಇಲ್ಲ. ನೆಲವನ್ನು ಒತ್ತಿ ಹಿಡಿಯುವ ಕಡೆ ಮಾತ್ರ ಬರುತ್ತದೆ. ಗುಣಾಂಕ ಬದಲಾಗುವುದಿಲ್ಲ, ಅದು ಸರಿ. ಆದರೆ ಒತ್ತುವುದು ಹೆಚ್ಚಾದರೆ ಹಿಡಿತದ ಮಿತಿ ಹೆಚ್ಚುತ್ತದೆ. ಗುಣಾಂಕವೇ ಬೇರೆ, ಘರ್ಷಣೆಯೇ ಬೇರೆ. ಇವೆರಡನ್ನೂ ಒಂದೇ ಮಾಡಿಕೊಳ್ಳುವ ಮಕ್ಕಳಿಗೆ ನಾನು ಎಷ್ಟು ಬೈದಿಲ್ಲ! ಅವಳ ತೂಕ ಒಂದೇ ಕಡೆ ಇತ್ತು, ಹೊಡೆದುಹಾಕಲು ಇನ್ನೊಂದು ಕಡೆ ಏನೂ ಇರಲಿಲ್ಲ. ನೆಲದ ಮೇಲೆ ಜಾರಿದ ರಬ್ಬರಿನ ಕಪ್ಪು ಗೆರೆ ಮೂರು ಗೇಣು ಉದ್ದ ಬಿದ್ದಿತ್ತು. ಸೋಪು ಹಾಕಿ ತಿಕ್ಕಿದೆ, ಹೋಯಿತು. ಗೋಡೆಯ ಮೇಲಿನ ಲೆಕ್ಕಕ್ಕೆ ಕೈ ಹಚ್ಚಲು ಮನಸ್ಸಾಗಲಿಲ್ಲ.

ದವಾಖಾನೆಯ ಖರ್ಚು ನಾನೇ ನೋಡಿಕೊಂಡೆ. ಅದು ಸುಲಭದ ಕೆಲಸ, ಅದರ ಬಗ್ಗೆ ಹೇಳಿಕೊಳ್ಳಲು ಏನಿಲ್ಲ. ಕೋಠಿ ಮಾರ್ಕೆಟ್ಟಿಗೆ ಹೋಗಿ ಒಂದು ಜೊತೆ ಊರುಗೋಲು ತಂದೆ. ಅಂಗಡಿಯ ಮುದುಕರು ಅದರ ತುದಿಯ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿ, "ಯೇ ಘಿಸ್ ಗಯಾ ತೋ ಬದಲ್ ಲೇನಾ ಅಮ್ಮಾ, ನೈ ತೋ ಫಿಸಲ್ ಜಾತೇ," ಎಂದರು. ಸವೆದರೆ ಬದಲಿಸು, ಇಲ್ಲದಿದ್ದರೆ ಜಾರುತ್ತಾರೆ. ನಾನು ಸುಮ್ಮನೆ ತಲೆಯಾಡಿಸಿದೆ. ಬೇರೆ ದಿನವಾಗಿದ್ದರೆ ಅವರಿಗೊಂದು ಪಾಠ ಮಾಡಿಯೇ ಬರುತ್ತಿದ್ದೆ.

ಊರುಗೋಲು ಹಿಡಿದು ಮೆಹದಿಪಟ್ಟಣಂನ ಅವರ ಕೋಣೆಗೆ ಹೋದಾಗ ಅವನು ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. ಹೆಂಡತಿ ನೀರು ತಂದಿಟ್ಟಳು. ಲೋಟ ಸ್ವಲ್ಪ ದೂರವಾಯಿತು ಎಂದು ಅವನು ಸಿಡಿದ: "ಇದನ್ನೂ ಬಿಟ್ಟು ಹೋಗು, ಅವತ್ತ ಬಿಟ್ಟು ಹೋದಂಗ." ಅವಳು ಲೋಟವನ್ನು ಹತ್ತಿರ ಸರಿಸಿದಳು. ಹೀಗೆ ದಿನಕ್ಕೆ ಎಷ್ಟು ಸಲವೋ! ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ.  ನಾನು ಊರುಗೋಲು ಹಿಡಿಯುವುದು ಹೇಗೆ ಎಂದು ವಿವರಿಸಿ ಎದ್ದೆ.

ಗಲ್ಲಿಯ ತುದಿಯವರೆಗೆ ಕಳಿಸಲು ಅವಳು ಬಂದಳು. "ನಾ ಇಳಿಸಿದ್ದು ಅಂತ ನೀ ಯಾಕ ಹೇಳವಲ್ಲಿ?" ಎಂದು ಕೇಳಿದೆ. ಎಂಥ ಪ್ರಶ್ನೆ! ಅವಳ ಬಾಯಿಂದ ಹೇಳಿಸಿ ನಾನು ಹಗುರಾಗಬೇಕಿತ್ತೇನೋ.

"ಹೇಳಿ ಏನ್ ಮಾಡ್ಲಿ ಅಕ್ಕೋರ? ನೀವು ಬಾ ಅಂದ್ರಿ. ಇಳದಾಕಿ ನಾನ ಅಲ್ಲೇನ್ರಿ?"

"ನಾನ ಹೇಳ್ತೀನಿ ಅವಂಗ."

"ಹೇಳ್ರಿ," ಎಂದಳು. ಅಷ್ಟೇ. ಬೇಡ ಎನ್ನಲಿಲ್ಲ, ಕೈ ಮುಗಿಯಲಿಲ್ಲ. ಕೋಣೆ ಇಪ್ಪತ್ತು ಹೆಜ್ಜೆ ಹಿಂದಿತ್ತು. ಅಷ್ಟರಲ್ಲಿ ನನ್ನ ಬಸ್ಸು ಬಂತು. ಹತ್ತಿಬಿಟ್ಟೆ. ಸೀಟಿನಲ್ಲಿ ಕೂತು ಕಿಟಕಿಯಿಂದ ನೋಡಿದರೆ ಅವಳು ಇನ್ನೂ ಗಲ್ಲಿಯ ತುದಿಯಲ್ಲೇ ನಿಂತಿದ್ದಳು. ಮುಂದಿನ ಬಸ್ಸಿಗೆ ಹೋಗಬಹುದಿತ್ತು, ಆ ದಾರಿಯಲ್ಲಿ ಐದು ನಿಮಿಷಕ್ಕೊಂದು ಬಸ್ಸಿದೆ.

ಜೂನ್‌ನಲ್ಲಿ ಕಾಲೇಜು ಶುರುವಾಗಿ, ಕೆಲವು ವಾರದಲ್ಲಿ ಘರ್ಷಣೆಯ ಪಾಠ ಬಂತು. ನಿಚ್ಚಣಿಕೆಯ ಲೆಕ್ಕ ಬರೆದೆ, ತೂಕ ಎರಡೂ ಕಡೆ ಬಂತು. "ಹೊಡೆದುಹಾಕಿ" ಎಂದು ಕೂಗದೆ ನಾನೇ ಗೀಚಿದೆ. ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, ಹಾಗಾದರೆ ಕೆಳಗೆ ಒಬ್ಬರು ನಿಲ್ಲುವುದು ದಂಡವೇ ಮೇಡಂ ಎಂದು ಕೇಳಿದಳು. ಯಾಕೆ ಕೇಳಿದಳೋ, ಯಾರ ಮನೆಯ ಮಗಳೋ. ದಂಡವಲ್ಲ ಎಂದೆ. ಯಾಕೆ ದಂಡವಲ್ಲ ಎಂದು ಇಡೀ ಬೋರ್ಡು ತುಂಬಿಸಿ ತೋರಿಸಿದೆ. ಅರವತ್ತು ಮಕ್ಕಳಿಗೆ ಹೇಳಲು ಬಂದ ಮಾತು ಒಬ್ಬ ಮನುಷ್ಯನಿಗೆ ಹೇಳಲು ಬಂದಿರಲಿಲ್ಲ.

ಅರ್ಧ ಬಿಟ್ಟ ಗೋಡೆಯನ್ನು ಮುಗಿಸುತ್ತೇವೆ ಎಂದು ಅವರೇ ಫೋನ್ ಮಾಡಿ ಬಂದದ್ದು ಆಗಸ್ಟಿನಲ್ಲಿ. ಬೇರೆ ಯಾರನ್ನೂ ನಾನು ಕರೆದಿರಲಿಲ್ಲ. ಅವನು ಕೋಲೂರಿಕೊಂಡು ಬಂದು ಬಾಗಿಲ ಬಳಿ ಕುರ್ಚಿಯಲ್ಲಿ ಕೂತ. ಹೆಂಡತಿ ಸೀರೆಯ ಮೇಲೆ ಅವನ ಹಳೆಯ ಅಂಗಿ ತೊಟ್ಟಿದ್ದಳು. ಎರಡು ತಿಂಗಳಿಂದ ಅವಳೇ ಹತ್ತುತ್ತಿದ್ದಾಳಂತೆ, ಅವನು ಕೆಳಗೆ ಕೂತು ಹೇಳಿಕೊಡುತ್ತಾನಂತೆ. ಭಾರಕ್ಕೆ ನಿಲ್ಲಲು ಅವನಿಂದಾಗದು, ಹೋದ ಮನೆಯಲ್ಲಿ ಯಾರನ್ನಾದರೂ ಕೇಳಿಕೊಳ್ಳುತ್ತಾರೆ.

"ನಾ ನಿಲ್ತೀನಿ," ಎಂದೆ.

ಅವಳು ನಾಲ್ಕು ಮೆಟ್ಟಿಲು ಹತ್ತಿದ ಮೇಲೆ, ಚಪ್ಪಲಿ ಬಿಟ್ಟು ಮೊದಲ ಮೆಟ್ಟಿಲ ಮೇಲೆ ಎರಡೂ ಕಾಲಿಟ್ಟು ಬಿದಿರನ್ನು ತಬ್ಬಿಕೊಂಡೆ. ಬಿದಿರಿನ ಗಿಣ್ಣು ಪಾದಕ್ಕೆ ಒತ್ತುತ್ತಿತ್ತು. ಅವಳು ನನ್ನ ತಲೆಯ ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋದಳು. ಪ್ರತಿ ಹೆಜ್ಜೆಗೂ ನಿಚ್ಚಣಿಕೆ ನಡುಗುವುದು ಎದೆಗೆ ತಿಳಿಯುತ್ತಿತ್ತು. ಕಣ್ಣೆದುರಿಗೇ ನನ್ನ ಪೆನ್ಸಿಲ್ ಲೆಕ್ಕ. ತೋಳು ಜೋಮು ಹಿಡಿಯಿತು. ಹತ್ತು ನಿಮಿಷಕ್ಕೇ ಹೀಗಾದರೆ ಇವಳು ಇಡೀ ದಿನ ಹೇಗೆ ನಿಂತಿದ್ದಳು?

ಅವನು ಕುರ್ಚಿಯಿಂದ ನಗುತ್ತ ಕೂಗಿದ: "ಅಕ್ಕೋರ, ಇಳೀಬ್ಯಾಡ್ರಿ ಮತ್ತ. ಇಕಿಗತೆ ಅರ್ಧಕ್ಕ ಬಿಟ್ಟು ಹೋಗಬ್ಯಾಡ್ರಿ."

"ಇಕಿ ತಾನಾಗಿ ಇಳೀಲಿಲ್ಲ," ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿತು. "ಒಲ್ಲೆ ಅಂದ್ಲು. ನಾ ಒತ್ತಾಯ ಮಾಡಿ ಇಳಿಸಿದೆ. ಭಾರಕ್ಕ ನಿಲ್ಲೂದು ಬ್ಯಾಡ, ಏನೂ ಆಗಂಗಿಲ್ಲ ಅಂತ ನಾನ ಹೇಳಿದೆ. ತಪ್ಪು ನಂದು. ಆಕೀದು ಏನೂ ತಪ್ಪಿಲ್ಲ."

ಮೇಲೆ ಬ್ರಷ್ಷಿನ ಸದ್ದು ನಿಂತಿತು. ಅವನು ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು. ನನ್ನನ್ನು ದಾಟಿ ಮೇಲೆ ನೋಡಿದ.

"ಹೌದೇನ?"

"ಹೂಂ."

"ಮೂರು ತಿಂಗಳು ಯಾಕ ಹೇಳಲಿಲ್ಲ?"

"ನೀ ಕೇಳಿದಿ ಯಾವಾಗ?" ಎಂದಳು ಮೇಲಿನಿಂದ. "ಬರೇ ಬೈದಿ."

ಅವನು ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ತಲೆ ತಗ್ಗಿಸಿದ. ನನ್ನ ಮುಖವೆಲ್ಲ ಬಿಸಿಯಾಗಿತ್ತು. ಆ ಹಾಲ್‌ನಿಂದ ಓಡಿಹೋಗಿ ಒಳಕೋಣೆಯ ಬಾಗಿಲು ಹಾಕಿಕೊಳ್ಳಬೇಕು ಅನ್ನಿಸಿತು. ಕಾಲೂ ಸ್ವಲ್ಪ ಅಲುಗಿರಬೇಕು.

"ಅಕ್ಕೋರ, ಅಲುಗ್ಯಾಡಬ್ಯಾಡ್ರಿ," ಎಂದಳು ಅವಳು.

ಬ್ರಷ್ಷಿನ ಸದ್ದು ಮತ್ತೆ ಶುರುವಾಯಿತು. ಬಣ್ಣದ ಹನಿಯೊಂದು ನನ್ನ ಕೂದಲಿಗೆ ಬಿತ್ತು, ಇನ್ನೊಂದು ಕತ್ತಿಗೆ. ಒರೆಸಿಕೊಳ್ಳಲು ಕೈ ಬಿಡಲಿಲ್ಲ. ಅತ್ತೆನೋ ಏನೋ, ಅದನ್ನೂ ಒರೆಸಿಕೊಳ್ಳಲಿಲ್ಲ. ನನ್ನ ಲೆಕ್ಕದವರೆಗೆ ಬಣ್ಣ ಇಳಿದು ಬರಲು ಇನ್ನೂ ಬಹಳ ಹೊತ್ತಿತ್ತು. ನಾನು ಇಳಿಯುವ ಹಾಗಿರಲಿಲ್ಲ. ಅವಳು ಮೇಲಿದ್ದಳು.